ನಾಲಗಿ ಎತ್ತರಿ, ಸಿಸ್ಟರ್

ನರ್ಸಿಂಗ್ ಓದಿ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನನ್ನು ಕಂಡಾಗ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಮಾನಸಿಕ ವಾರ್ಡಿನಲ್ಲಿ ಇಷ್ಟು ವರ್ಷ ಹೇಗೆ ಕಳೆದಿರಿ, ಹೆದರಿಕೆ ಆಗಲಿಲ್ಲವೇ ಎಂದು. ಆಯಿತು, ಬಹಳ ಆಯಿತು. ಆದರೆ ರೋಗಿಗಳಿಗೆ ನಾನು ಹೆದರಿದ್ದು ಕಡಿಮೆ. ನನ್ನನ್ನು ಆ ವಾರ್ಡಿನಿಂದ ಎಲ್ಲಿ ಹೊರಗೆ ಹಾಕುತ್ತಾರೋ ಎಂದು ಹೆದರಿದ್ದೇ ಹೆಚ್ಚು.

ಕಾರಣ ಹೇಳಿಬಿಡುತ್ತೇನೆ. ನನಗೆ ಬೈಪೋಲಾರ್ ಕಾಯಿಲೆ ಇದೆ. ಇತ್ತು ಅಲ್ಲ, ಇದೆ. ಔಷಧ ತಪ್ಪಿದರೆ ಮನಸ್ಸು ಕೆಲವು ಕಾಲ ಮಿತಿಮೀರಿ ಏರುತ್ತದೆ, ಆಮೇಲೆ ಹಾಸಿಗೆಯಿಂದ ಏಳಲಾರದಷ್ಟು ಇಳಿಯುತ್ತದೆ. ಈ ಕಾಯಿಲೆ ಇಟ್ಟುಕೊಂಡೇ ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಟ್ರಸ್ಟಿನ ಒಂದು ಸಣ್ಣ ಮಾನಸಿಕ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿ ಕೆಲಸ ಮಾಡಿದೆ. ಅಲ್ಲಿಗೇ ಸೇರಿದೆ, ಅಲ್ಲಿಂದಲೇ ನಿವೃತ್ತಳಾದೆ. ನಡುವೆ ಸಿಕ್ಕ ಬಡ್ತಿಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ನನ್ನ ಪೆನ್ಶನ್ನಿಗೆ ಉಪಯೋಗ, ನಿಮಗಲ್ಲ. ರೋಗಿಗಳ ಹೆಸರುಗಳನ್ನು ಬದಲಿಸಿದ್ದೇನೆ, ಮಾತುಗಳನ್ನು ಬದಲಿಸಿಲ್ಲ.

ಮೊದಲು ನಮ್ಮ ಆಸ್ಪತ್ರೆಯವರೆಲ್ಲ ಸೇರಿ ಮಾಡಿದ ದೊಡ್ಡ ತಪ್ಪಿನ ಕಥೆ. ಅದನ್ನು ಹೇಳುವಾಗ ನನಗೆ ಇವತ್ತಿಗೂ ನಗು ತಡೆಯಲಾಗುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತು. ಒಂದು ಬೇಸಿಗೆಯಲ್ಲಿ ನನಗೆ ವಿಪರೀತ ಹುರುಪು ಬಂತು. ಕಿಟಕಿ ಪರದೆಗಳನ್ನೆಲ್ಲ ಇಳಿಸಿ ಒಗೆದೆ. ರೋಗಿಗಳ ಕೈಗೆ ಕುಂಚ ಕೊಟ್ಟು ಕಾಂಪೌಂಡು ಗೋಡೆಗೆ ಬಣ್ಣ ಹಚ್ಚಿಸಿದೆ. ಭಜನಾ ತಂಡ ಕಟ್ಟಿದೆ. ಮೂರೂ ಪಾಳಿಯ ಕೆಲಸಕ್ಕೆ ನಾನೇ ಮುಂದೆ. ಊಟ ನೆನಪಾಗುತ್ತಿರಲಿಲ್ಲ, ನಿದ್ದೆ ಬೇಕಾಗುತ್ತಿರಲಿಲ್ಲ. ಮಾತಿಗೆ ನಿಂತರೆ ಎದುರಿನವರಿಗೆ ಬಾಯಿ ತೆರೆಯಲು ಸಂದು ಸಿಗುತ್ತಿರಲಿಲ್ಲ. ಇದನ್ನೆಲ್ಲ ಕಂಡು ಆಸ್ಪತ್ರೆಯವರು ಏನು ಮಾಡಿದರು? ಆ ವರ್ಷದ ಸ್ವಾತಂತ್ರ್ಯ ದಿನಾಚರಣೆಯಲ್ಲಿ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಆದರ್ಶ ದಾದಿ ಎಂದು ಸನ್ಮಾನ ಮಾಡಿದರು. ಮನೋರೋಗ ತಜ್ಞರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರೋಗಲಕ್ಷಣಕ್ಕೆ ಹಾರ ಹಾಕಿದ ಮಾನಸಿಕ ಆಸ್ಪತ್ರೆ ನಮ್ಮದೊಂದೇ ಇರಬೇಕು.

ಆಗ ವಾರ್ಡಿನಲ್ಲಿ ದಸ್ತಗೀರ ಎಂಬ ರೋಗಿಯಿದ್ದ. ತಾರಿಹಾಳದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನು. ಅವನಿಗೂ ಇದೇ ಕಾಯಿಲೆ, ಅಷ್ಟರಲ್ಲಿ ಸಾಕಷ್ಟು ಇಳಿದಿತ್ತು. ಸನ್ಮಾನದ ಬಾಳೆಹಣ್ಣನ್ನು ಅವನಿಗೂ ಒಂದು ಕೊಟ್ಟೆ. ತಗೊಂಡ, ಸುಲಿಯಲಿಲ್ಲ.

“ಸಿಸ್ಟರ್, ರಾತ್ರಿ ನಿದ್ದಿ ಮಾಡೀರೇನ್ರಿ?” ಎಂದ.

“ನಿದ್ದಿ ಯಾರಿಗೆ ಬೇಕಾಗೈತೋ ದಸ್ತಗೀರ, ಮಾಡೂದು ಭಾಳ ಐತಿ.”

“ನಾನೂ ಹೋದ ವರ್ಷ ಹಿಂಗ ಅಂದಿದ್ದೆ ನೋಡ್ರಿ. ಮುಂದ ಮೂರ ವಾರಕ್ಕ ನನ್ನ ಕೈಕಾಲ ಕಟ್ಟಿ ಇಲ್ಲಿಗೆ ತಂದ್ರು.”

ನಾನು ನಕ್ಕು ಮುಂದೆ ಹೋದೆ. ಕೆಲವೇ ದಿನಗಳಲ್ಲಿ ಒಂದು ಸಂಜೆ ವಾರ್ಡಿನ ಬಾಗಿಲು ತೆರೆದು, ಎದ್ದು ನಡೆಯಬಲ್ಲ ರೋಗಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಗಿರಮಿಟ್ಟು ಮಿರ್ಚಿ ತಿನ್ನಿಸುತ್ತೇನೆಂದು ಗೋಕುಲ ರಸ್ತೆಗೆ ಹೊರಡಿಸಿದೆ. ಯಾರನ್ನೂ ಕೇಳಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ವೈದ್ಯಶಾಸ್ತ್ರದ ಹೊಸ ಆವಿಷ್ಕಾರ. ಆಸ್ಪತ್ರೆಯ ಪೈಜಾಮ ತೊಟ್ಟವರೆಲ್ಲ ಫುಟ್‌ಪಾತಿನ ಮೇಲೆ ನಿಂತು ಮಿರ್ಚಿ ಕಡಿಯುತ್ತಿದ್ದರು, ನಾನು ಅಂಗಡಿಯವನ ಬೆಂಚು ಹತ್ತಿ ಭಾಷಣ ಮಾಡುತ್ತಿದ್ದೆ. ಕೊನೆಗೆ ದಸ್ತಗೀರನೇ ಎಲ್ಲರನ್ನೂ ಸೇರಿಸಿ, “ನಡೀರಿ, ಚಾ ಹೊತ್ತಾತು” ಎಂದು ವಾಪಸು ಕರೆತಂದ. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಬಾಗಿಲಲ್ಲಿ ಡಾಕ್ಟರ್ ಸವಣೂರ ನಿಂತಿದ್ದರು, ನಮ್ಮ ಮುಖ್ಯ ವೈದ್ಯರು. ನನ್ನ ಮುಖವನ್ನು ನೋಡುತ್ತಲೇ ನಿಂತು, ಬೈಯದೆ, “ನೀಲಾ, ಕುಂದರು ಬಾರವಾ” ಎಂದರು. ಅವರು ರೋಗಿಗಳಿಗೆ ಹಾಗೆ ಹೇಳುವುದನ್ನು ನಾನು ನೂರಾರು ಸಲ ಕೇಳಿದ್ದೆ. ಆ ದನಿ ನನಗಾಗಿ ಬಂದದ್ದು ಅದೇ ಮೊದಲು.

ಆ ಚಳಿಗಾಲ ನಾನು ಪೂರ್ತಿ ನೆಲಕ್ಕಿಳಿದೆ. ಸ್ನಾನವೂ ಬೆಟ್ಟ ಹತ್ತಿದಷ್ಟು ಕಷ್ಟವಾಗಿತ್ತು. ಲಿಥಿಯಂ ಎಂಬ ಗುಳಿಗೆ ನನ್ನನ್ನು ನಿಧಾನವಾಗಿ ಮೇಲೆ ತಂದು, ಅತಿಯಾಗಿ ಏರದಂತೆ ಹಿಡಿದಿಟ್ಟಿತು. ಇದನ್ನು ತಗೊಳ್ಳುವವರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು, ನೀರು ಉಪ್ಪು ಸರಿಯಾಗಿ ಸೇವಿಸಬೇಕು. ಕೈ ಸ್ವಲ್ಪ ನಡುಗುತ್ತದೆ. ನನ್ನ ಅಕ್ಷರ ಕೆಟ್ಟದ್ದು ಆಗಿನಿಂದಲೇ.

ಕೆಲಸಕ್ಕೆ ಮರಳಿದಾಗ ಮೇಟ್ರನ್ ಪ್ರಮಿಳಾಬಾಯಿಯವರು ನನ್ನನ್ನು ಬಟ್ಟೆ ಕೋಣೆಗೆ ಹಾಕಿದರು. ಹಾಸಿಗೆ ಹೊದಿಕೆ ಎಣಿಸುವ ಕೆಲಸ. ಅವರು ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಇಸ್ತ್ರಿ ಮಾಡಿದ ಸೀರೆಗೆ ಒಂದು ಸುಕ್ಕು ಬಿದ್ದರೂ ಸಹಿಸುತ್ತಿರಲಿಲ್ಲ, ಮನುಷ್ಯರಲ್ಲೂ ಅಷ್ಟೇ. ಗೋಡೆಯ ಆಚೆ ವಾರ್ಡಿನ ಸದ್ದು ಕೇಳಿಸುತ್ತಿತ್ತು. ಯಾರು ಅಳುತ್ತಿದ್ದಾರೆ, ಯಾರು ಊಟ ಬೇಡ ಅನ್ನುತ್ತಿದ್ದಾರೆ ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು. ಕಾಯಿಲೆ ಕೊಟ್ಟ ದುಃಖಕ್ಕಿಂತ ಆ ಕೋಣೆ ಕೊಟ್ಟ ದುಃಖ ದೊಡ್ಡದಾಗಿತ್ತು. ಒಂದು ದಿನ ಹೊದಿಕೆಗಳನ್ನು ಅಲ್ಲೇ ಬಿಟ್ಟು ಅವರ ಮುಂದೆ ಹೋಗಿ ನಿಂತೆ.

“ಬಾಯಾರ, ನನಗ ವಾರ್ಡ ಬೇಕ್ರಿ.”

“ನೀ ಔಷಧ ಬಿಟ್ಟೀ ಅಂದ್ರ ನನ್ನ ವಾರ್ಡಿನ ಗತಿ ಏನವಾ? ಗಿರಮಿಟ್ಟಿನ ಮೆರವಣಿಗಿ ನಾ ಇನ್ನೂ ಮರ್ತಿಲ್ಲ.”

“ಬಿಡೂದಿಲ್ರಿ.”

“ಹಂಗಂತ ಎಲ್ಲಾರೂ ಅಂತಾರ. ದಿನಾ ಮುಂಜಾನಿ ನನ್ನ ಕೋಣ್ಯಾಗ ಬಂದು ನನ್ನ ಎದುರಿಗೆ ನುಂಗಬೇಕು. ಬಾಯಿ ತಗದು ತೋರಸಬೇಕು. ಆಗತೈತೇನು?”

ಮುಖ ಬಿಸಿಯಾಯಿತು. ರೋಗಿಗಳ ಬಾಯಿಗೆ ಟಾರ್ಚು ಹಿಡಿಯುತ್ತಿದ್ದವಳು ನಾನು. ಈಗ ಸಣ್ಣ ಹುಡುಗಿಯಂತೆ ಅವರ ಮೇಜಿನ ಮುಂದೆ ಬಾಯಿ ತೆರೆದು ನಿಲ್ಲಬೇಕು. ಬೇಡ ಅನ್ನಲು ಹೊರಟ ಬಾಯಿಂದ ಬೇರೆಯೇ ಮಾತು ಬಂತು.

“ತೋರಸ್ತೇನ್ರಿ. ಆದರ ನಿಮ್ಮ ಕೋಣ್ಯಾಗಲ್ಲ. ಎಲ್ಲಾರೂ ನುಂಗೂ ಕಡೆ ನುಂಗ್ತೇನಿ.”

ಆಗಿನ ಪದ್ಧತಿ ಹೊಸಬರಿಗೆ ತಿಳಿದಿರಲಿಕ್ಕಿಲ್ಲ. ನಾಷ್ಟಾ ಮುಗಿದ ಮೇಲೆ ಪಡಸಾಲೆಯಲ್ಲಿ ಗುಳಿಗೆಯ ಸಾಲು ನಿಲ್ಲುತ್ತಿತ್ತು. ನರ್ಸು ಗುಳಿಗೆ ಕೊಡುವುದು, ಆಯಾ ಸ್ಟೀಲ್ ಲೋಟದಲ್ಲಿ ನೀರು ಕೊಡುವುದು, ನುಂಗಿದ ಮೇಲೆ ಬಾಯಿ ತೆರೆಸಿ, ನಾಲಗೆ ಎತ್ತಿಸಿ, ಅಡಗಿಸಿಟ್ಟಿಲ್ಲವೆಂದು ಟಾರ್ಚಿನಿಂದ ನೋಡುವುದು. ಎಷ್ಟು ನೋಡಿದರೂ ಕ್ರೋಟನ್ ಗಿಡದ ಕುಂಡದಲ್ಲಿ ಗುಳಿಗೆಗಳು ಸಿಗುತ್ತಲೇ ಇದ್ದವು. ಒಂದು ದಿನ ನೋಡೋಣ ಎಂದು ಮೇಟ್ರನ್ ಒಪ್ಪಿದ್ದರು. ಮರುದಿನ ನಾನು ಎಲ್ಲರಿಗೂ ಕೊಟ್ಟು ಮುಗಿಸಿ, ಟಾರ್ಚು ಮೇಜಿನ ಮೇಲಿಟ್ಟು, ಸಾಲಿನ ಕೊನೆಗೆ ಹೋಗಿ ನಿಂತೆ. ನನ್ನ ಗುಳಿಗೆ ಕೈಯಲ್ಲಿತ್ತು. ಪಡಸಾಲೆ ಸುಮ್ಮನಾಯಿತು. ಮೇಟ್ರನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನುಂಗಿ ನೀರು ಕುಡಿದೆ.

ಆಗ ಎದ್ದವರು ರೋಗಿಗಳಲ್ಲೊಬ್ಬರಾದ ನಿವೃತ್ತ ಡ್ರಾಯಿಂಗ್ ಮಾಸ್ತರರು. ಕುಂಡದಲ್ಲಿ ಸಿಗುತ್ತಿದ್ದ ಗುಳಿಗೆಗಳಲ್ಲಿ ಬಹುಪಾಲು ಅವರವೇ ಎಂದು ಎಲ್ಲರಿಗೂ ಗೊತ್ತಿತ್ತು.

“ನುಂಗಿದ್ದು ಖರೇನೋ ಸುಳ್ಳೋ ಯಾರು ನೋಡೋರು?” ಎನ್ನುತ್ತ ಟಾರ್ಚು ಕೈಗೆ ತಗೊಂಡರು. “ಬಾಯಿ ತಗೀರಿ. ನಾಲಗಿ ಎತ್ತರಿ, ಸಿಸ್ಟರ್.”

ಎತ್ತಿದೆ. ಮಾಸ್ತರರು ಆ ಕಡೆ ಈ ಕಡೆ ಬಗ್ಗಿ ನೋಡಿ, ಪರೀಕ್ಷೆಯ ಫಲಿತಾಂಶ ಓದುವ ದನಿಯಲ್ಲಿ, “ಪಾಸಾಗ್ಯಾರ” ಎಂದರು. ವಾರ್ಡು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಮುಖ ಬಿಸಿ ಮಾಡಿದ್ದ ಆ ಅವಮಾನ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮರುದಿನದಿಂದ ಮಾಸ್ತರರಿಗೆ ಆ ಟಾರ್ಚು ಬೇಕೇ ಬೇಕು. ಬಿಡುಗಡೆಯಾಗಿ ತಪಾಸಣೆಗೆ ಬಂದಿದ್ದ ದಸ್ತಗೀರ ಒಂದು ಕರಾರು ಹಾಕಿದ: ನೋಡುವವನು ಮೊದಲು ತಾನು ನುಂಗಿರಬೇಕು. ಟಾರ್ಚಿನ ಆಸೆಗೆ ಮಾಸ್ತರರು ಔಷಧ ನುಂಗಲು ಶುರು ಮಾಡಿದರು. ಒಂದು ತಿಂಗಳಲ್ಲಿ, ಆವರೆಗೆ ಯಾರೋ ಎಂದು ನೋಡುತ್ತಿದ್ದ ಮಗಳ ಗುರುತು ಹಿಡಿದು ಹೆಸರಿಟ್ಟು ಕರೆದರು. ಕುಂಡದಲ್ಲಿ ಗುಳಿಗೆ ಸಿಗುವುದು ನಿಂತಿತು.  ಮೇಟ್ರನ್ ಬಟ್ಟೆ ಕೋಣೆಯ ಬೀಗದ ಕೈಯನ್ನು ಬೇರೆಯವರಿಗೆ ಕೊಟ್ಟರು.

ಹೀಗೆ ಸಾಲಿನ ಕೊನೆಯಲ್ಲಿ ನಿಲ್ಲುವುದು ನನ್ನ ದಿನಚರಿಯಾಯಿತು. ಎಲ್ಲರೂ ಗೆದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ಮನೆಗೆ ಹೋಗಿ ಔಷಧ ಬಿಟ್ಟವರಿದ್ದರು, ಮರಳಿ ಬಾರದೇ ಹೋದವರೂ ಇದ್ದರು. ಅವರ ಮುಖಗಳು ನನ್ನ ಜೊತೆಗಿವೆ. ಆದರೆ ನಮ್ಮ ವಾರ್ಡಿನಲ್ಲಿ ಇದ್ದಷ್ಟು ದಿನ ಗುಳಿಗೆ ನುಂಗಲು ಯಾರೂ ತಲೆ ತಗ್ಗಿಸಲಿಲ್ಲ, ಅಷ್ಟನ್ನು ಎದೆ ತಟ್ಟಿ ಹೇಳುತ್ತೇನೆ.

ನನ್ನ ಕೆಲಸಕ್ಕೆ ಮತ್ತೆ ಕುತ್ತು ಬಂದದ್ದು ಅಮ್ಮಿನಬಾವಿಯ ಬಸನಗೌಡರಿಂದ. ದೊಡ್ಡ ಒಕ್ಕಲುತನದ ಮನೆ, ಮೂರು ಹೊತ್ತು ಲಿಂಗಪೂಜೆ, ಮಾತಿಗೆ ಗಟ್ಟಿ ಮನುಷ್ಯ. ಮಗಳು ರೇಣುಕಾ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು. ಪಾಠ ಮಾಡುತ್ತ ಮಾಡುತ್ತ ಬೋರ್ಡು ಬಿಟ್ಟು ಗೋಡೆಯ ಮೇಲೆಲ್ಲ ಲೆಕ್ಕ ಬರೆದಳಂತೆ. ಅವಳಿಗೂ ನನ್ನದೇ ಕಾಯಿಲೆ. ಸೇರಿಸಿದ ದಿನ ಗೌಡರು ನನ್ನ ಮುಂದೆ ಕೂತು ಕಣ್ಣೀರು ಹಾಕಿದ್ದರು. ಇನ್ನು ಇವಳಿಗೆ ಯಾರು ಕೆಲಸ ಕೊಡುತ್ತಾರೆ, ಯಾರು ಮನುಷ್ಯಳೆಂದು ಕಾಣುತ್ತಾರೆ ಎಂದು. ಮರುದಿನ ಬೆಳಿಗ್ಗೆ ಮಗಳನ್ನು ನೋಡಲು ಬಂದವರು, ನಾನು ಸಾಲಿನಲ್ಲಿ ನಿಂತು ಬಾಯಿ ತೆರೆದದ್ದನ್ನು ಕಂಡರು. ನೆಟ್ಟಗೆ ಟ್ರಸ್ಟಿನ ಕಾರ್ಯದರ್ಶಿಗಳ ಬಳಿ ಹೋದರು.

ಅರ್ಧ ತಾಸಿನಲ್ಲಿ ನನಗೆ ಕರೆ ಬಂತು. ಕೋಣೆಯಲ್ಲಿ ಕಾರ್ಯದರ್ಶಿಗಳು, ಗೌಡರು, ಮೇಟ್ರನ್.

“ಹುಚ್ಚ ಹಿಡದವರ ಕೈಯಾಗ ಹುಚ್ಚ ಹಿಡದವರನ್ನ ಕೊಡೂದು ಯಾವ ನ್ಯಾಯರಿ? ಈಕಿನ್ನ ತಗೀರಿ, ಇಲ್ಲಂದ್ರ ನನ್ನ ಮಗಳನ್ನ ಕರ್ಕೊಂಡು ಹೋಗ್ತೇನಿ” ಎಂದರು ಗೌಡರು.

ಕಾರ್ಯದರ್ಶಿಗಳು ಗೌಡರ ಕಡೆಗೇ ವಾಲಿದ್ದರು. “ನೀಲಾ ಸಿಸ್ಟರ್, ನಿಮ್ಮ ಸೇವಾದ ಬಗ್ಗೆ ನಮಗ ಗೌರವ ಐತಿ. ಆದರ ಮಂದಿ ಏನಂತಾರ ನೋಡ್ರಿ. ಆಫೀಸಿನ್ಯಾಗ ಒಂದು ಕುರ್ಚಿ ಕೊಡ್ತೇವಿ.”

ಬಟ್ಟೆ ಕೋಣೆಯ ವಾಸನೆ ಮೂಗಿಗೆ ಬಂತು.  ಆಗ ಬಾಯಿ ತೆರೆದವರು ಪ್ರಮಿಳಾಬಾಯಿ.

“ಸಾಹೇಬ್ರ, ಇವತ್ತ ಬಿಪಿ ಗುಳಗಿ ತಗೊಂಡೀರೇನ್ರಿ?”

ಕಾರ್ಯದರ್ಶಿಗಳು ಅಂಗಿಯ ಜೇಬು ಮುಟ್ಟಿಕೊಂಡರು. “ಇವತ್ತ... ಗಡಿಬಿಡ್ಯಾಗ ಮರ್ತೆ.”

“ಈ ಕಟ್ಟಡದಾಗ ಔಷಧ ತಗೊಂಡದ್ದನ್ನ ದಿನಾ ಎಲ್ಲಾರ ಮುಂದ ತೋರಸಾಕಿ ಈಕಿ ಒಬ್ಬಾಕೀನ. ಈಕಿನ್ನ ತಗೀಬೇಕಂದ್ರ ಮದಲ ನಾವೆಲ್ಲಾ ಆ ಸಾಲಿನ್ಯಾಗ ನಿಂದ್ರಬೇಕಾಗ್ತೈತಿ ನೋಡ್ರಿ.”

ನನಗೆ ಧೈರ್ಯ ಬಂತು. ಗೌಡರ ಕಡೆ ತಿರುಗಿದೆ.

“ಗೌಡ್ರ, ನನ್ನ ಮಗಳಿಗೆ ಇನ್ನ ಯಾರು ನೌಕರಿ ಕೊಡ್ತಾರ ಅಂತ ನಿನ್ನಿ ನನ್ನ ಮುಂದ ಅತ್ರಿ. ಇವತ್ತ ನನ್ನ ನೌಕರಿ ತಗೀರಿ ಅನ್ನಾಕತ್ತೀರಿ. ಆಕಿದೂ ನನ್ನದೂ ಒಂದ ಜಡ್ಡು. ನನ್ನನ್ನ ಇಲ್ಲಿಂದ ಎಬ್ಬಿಸಿದ್ರ ನಾಳೆ ರೇಣುಕಾನ್ನ ಸಾಲಿ ನೌಕರಿಯಿಂದ ಎಬ್ಬಸೋರಿಗೆ ನೀವು ಏನಂತ ಹೇಳವ್ರು?”

ಗೌಡರು ನನ್ನನ್ನೇ ನೋಡಿದರು. ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತ ಕೂತರು.

“ಎಷ್ಟ ವರ್ಷಾತವಾ ನಿನಗಿದು?” ಎಂದರು ಕೊನೆಗೆ. ಅಲ್ಲಿಯವರೆಗೆ ನಾನು ‘ಈಕಿ’ ಆಗಿದ್ದೆ, ಈಗ ‘ಅವ್ವಾ’ ಆದೆ.

“ನಿಮ್ಮ ಮಗಳು ಸಾಲಿ ಕಲಿಯೂ ಕಾಲದಿಂದ ಐತ್ರಿ.”

“ಮನಿ, ಮಕ್ಕಳು?”

“ಎಲ್ಲಾ ಅದಾರ್ರಿ. ಮುಂಜಾನಿ ರೊಟ್ಟಿ ಬಡದ ಬಂದೇನಿ.”

ಅವರು ಎದ್ದು ಹೋದರು. ಮಗಳನ್ನು ಕರೆದುಕೊಂಡು ಹೋಗಲಿಲ್ಲ. ಮರುದಿನ ಗುಳಿಗೆಯ ಹೊತ್ತಿಗೆ ಬಂದು ಕಂಬದ ಪಕ್ಕ ನಿಂತರು. ರೇಣುಕಾ ನುಂಗಿ ಬಾಯಿ ತೋರಿಸಿದಳು. ಆಮೇಲೆ ಟಾರ್ಚು ಅವಳ ಕೈಗೆ ಬಂತು, ಅವಳು ನನ್ನ ಬಾಯಿ ನೋಡಿದಳು. ಗೌಡರು ಟೋಪಿಯ ತುದಿಯಿಂದ ಕಣ್ಣೊರೆಸಿಕೊಂಡರು. ಆ ವರ್ಷವೇ ಅವಳು ಶಾಲೆಗೆ ಮರಳಿದಳು. ಈಗ ಅಲ್ಲಿಯೇ ಮುಖ್ಯೋಪಾಧ್ಯಾಯಿನಿ. ಅವಳ ಬೋರ್ಡು ಬಹಳ ಅಚ್ಚುಕಟ್ಟು ಎಂದು ಕೇಳಿದ್ದೇನೆ. ಇನ್ನೊಂದು ಮಾತು, ಕಾರ್ಯದರ್ಶಿಗಳು ಅಂದಿನಿಂದ ಬಿಪಿ ಗುಳಿಗೆ ಮರೆಯಲಿಲ್ಲ.

ಗೆದ್ದೆನೆಂಬ ಅಮಲು ಬಹಳ ದಿನ ಉಳಿಯಲಿಲ್ಲ. ಅದನ್ನು ಇಳಿಸಿದವನು ದಸ್ತಗೀರ. ಅಷ್ಟರಲ್ಲಿ ಅವನು ತಾರಿಹಾಳದಲ್ಲಿ ಸ್ವಂತ ಲೇತ್ ಹಾಕಿಕೊಂಡಿದ್ದ, ತಪಾಸಣೆಗೆ ಮಾತ್ರ ಬಂದು ಹೋಗುತ್ತಿದ್ದ. ಒಂದು ವರ್ಷ ರಂಜಾನ್ ಕಡು ಬೇಸಿಗೆಯಲ್ಲಿ ಬಂತು. ನೀರು ಬಿಟ್ಟು ರೋಜಾ ಉಪವಾಸ ಹಿಡಿದರೆ ರಕ್ತದಲ್ಲಿ ಲಿಥಿಯಂ ವಿಷವಾಗುವಷ್ಟು ಏರುತ್ತದೆ, ಈ ಸಲ ಬೇಡ ಎಂದರು ಡಾಕ್ಟರ್. ಅವನಿಗೆ ಬಹಳ ನೋವಾಯಿತು. ಅವನನ್ನು ಕೂರಿಸಿಕೊಂಡು ಒಂದು ತಾಸು ಬುದ್ಧಿ ಹೇಳಿದವಳು ನಾನು. ಅವರ ಮಸೀದಿಯ ಮೌಲ್ವಿಗಳೂ ಅದನ್ನೇ ಹೇಳಿದ ಮೇಲೆ ಒಪ್ಪಿದ.

ಮುಂದಿನ ಶಿವರಾತ್ರಿ ಬಂತು. ನಮ್ಮ ಮನೆಯಲ್ಲಿ ಅಂದು ಪೂಜೆಯಾಗುವವರೆಗೆ ಹನಿ ನೀರು ಮುಟ್ಟುವ ಪದ್ಧತಿ ಇಲ್ಲ. ಹಿಂದಿನ ದಿನ ಹೊಟ್ಟೆ ಕೆಟ್ಟಿತ್ತು. ಆದರೂ ಶಿವನ ಕೆಲಸ, ನನಗೇನಾಗುತ್ತದೆ ಎಂದು ಉಪವಾಸ ಹಿಡಿದು ಡ್ಯೂಟಿಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಕೈ ನಡುಕ ಜೋರಾಯಿತು, ಹೆಜ್ಜೆ ತಪ್ಪತೊಡಗಿತು. ಆ ದಿನ ತಪಾಸಣೆಗೆ ಬಂದಿದ್ದ ದಸ್ತಗೀರ ನನ್ನನ್ನು ನೋಡಿ ಎದ್ದುಬಂದ.

“ನೀರ ಕುಡದೀರೇನ್ರಿ ಸಿಸ್ಟರ್?”

“ಇವತ್ತ ಶಿವರಾತ್ರಿನೋ.”

“ನನ್ನ ಅಲ್ಲಾ ಮಾಫ್ ಮಾಡ್ತಾನ ಅಂತ ಒಂದ ತಾಸ ಭಾಷಣಾ ಬಿಗದ್ರಿ. ನಿಮ್ಮ ಶಿವಪ್ಪ ಏನ ಅಷ್ಟ ಸಿಟ್ಟಿನವನೇನು?”

ಮುಂದಿನದನ್ನು ಡಾಕ್ಟರ್ ಸವಣೂರರು ನೋಡಿಕೊಂಡರು. ಕೈಗೆ ಸಲೈನು ಹತ್ತಿತು. ನಮ್ಮ ಮನೆಯವರು ಬಂದು ನಿಂತು, ಬೈಯುವುದನ್ನೆಲ್ಲ ದಸ್ತಗೀರ ಮೊದಲೇ ಬೈದು ಮುಗಿಸಿದ್ದರಿಂದ ಸುಮ್ಮನೆ ಕೂತರು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಶಿವರಾತ್ರಿಗೆ ದಸ್ತಗೀರ ಒಂದು ಕಲ್ಲಂಗಡಿ ಹಣ್ಣು ತಂದು, ನಾನು ತಿನ್ನುವವರೆಗೆ ಕಟ್ಟೆಯ ಮೇಲೆ ಕೂರುತ್ತಾನೆ. ರಂಜಾನ್ ಬಂದಾಗ ಅವನು ಡಾಕ್ಟರನ್ನು ಕೇಳಿದ್ದಾನೋ ಇಲ್ಲವೋ ಎಂದು ನಾನು ಫೋನು ಮಾಡುತ್ತೇನೆ. ಹುಡುಗಿಯರೇ, ಬೇರೆಯವರಿಗೆ ಹೇಳಿದ ಬುದ್ಧಿಯನ್ನು ನೀವೂ ಒಮ್ಮೆ ಕೇಳಿಸಿಕೊಳ್ಳಿ.

ನನ್ನ ಕಣ್ಣ ಮುಂದೆ ಬಹಳ ಬದಲಾಯಿತು. ಕಬ್ಬಿಣದ ಸರಳಿನ ಕೋಣೆಗಳು ಹೋದವು. ಅರಿವಳಿಕೆ ಇಲ್ಲದೆ ಕೊಡುತ್ತಿದ್ದ ಕರೆಂಟು ಚಿಕಿತ್ಸೆ ಹೋಯಿತು. ಕಾಯ್ದೆ ಬದಲಾಗಿ, ರೋಗಿಯನ್ನು ಕೇಳದೆ ಏನೂ ಮಾಡಬಾರದೆಂಬ ತಿಳಿವಳಿಕೆ ಬಂತು. ಹೊಸದಾಗಿ ಬಂದ ತರುಣ ವೈದ್ಯರೊಬ್ಬರು ಬಾಯಿಗೆ ಟಾರ್ಚು ಬಿಡುವುದು ಘನತೆಗೆ ಕುಂದು, ನಿಲ್ಲಿಸೋಣ ಎಂದರು. ಅವರ ಮಾತು ಸರಿಯಾಗಿತ್ತು, ನಿಲ್ಲಿಸಿದೆವು. ಮರುದಿನ ರೋಗಿಗಳು ಗುಳಿಗೆ ನುಂಗಿ ಅಲ್ಲೇ ನಿಂತರು, ಹೋಗಲಿಲ್ಲ. “ನಮ್ಮದು ಬ್ಯಾಡಂದ್ರ ಬಿಡ್ರಿ, ಸಿಸ್ಟರಂದು ನೋಡಬೇಕಲ್ಲ” ಎಂದರು. ವೈದ್ಯರು ನಗುತ್ತ ಒಪ್ಪಿದರು. ಆಮೇಲಿಂದ ತೋರಿಸುವವರು ತಾವಾಗಿ ತೋರಿಸುತ್ತಿದ್ದರು. ನನ್ನದು ಮಾತ್ರ ಕಡ್ಡಾಯ.

ನಿವೃತ್ತಿಗೆ ಸ್ವಲ್ಪ ಮೊದಲು ಶಾಹಿನ್ ಎಂಬ ಹೊಸ ನರ್ಸು ಬಂದಳು. ಅಪ್ಪನದು ಗೋಕುಲ ರಸ್ತೆಯಲ್ಲಿ ಮೋಟರು ರಿಪೇರಿ ಅಂಗಡಿ. ಚುರುಕು ಹುಡುಗಿ, ರೋಗಿಗಳ ಮಾತಿಗೆ ಕಿವಿ ಕೊಡುವವಳು. ದಿನಾ ಡ್ಯೂಟಿ ಕೋಣೆಗೆ ಬಂದ ಕೂಡಲೇ ಕಪಾಟಿನ ಬಾಗಿಲು ತೆರೆದು, ಅದರ ಮರೆಯಲ್ಲಿ ನಿಂತು, ಏನನ್ನೋ ಲಗುಬಗೆಯಿಂದ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಕೇಳಲಿಲ್ಲ. ಕಪಾಟಿನ ಆ ಬಾಗಿಲ ಮರೆ ನನಗೂ ಗೊತ್ತಿತ್ತು. ಒಂದು ಸಲ ಅವಳೇ ಕೇಳಿದಳು.

“ಅಕ್ಕಾರ, ಎಲ್ಲಾರ ಮುಂದ ನುಂಗಾಕ ನಿಮಗ ಹೆಂಗೋ ಅನಸೂದಿಲ್ಲೇನ್ರಿ?”

“ನುಂಗೂ ಹಿಂದಿನ ದಿನ ಅನಸ್ತು. ಮರುದಿನ ಮಾಸ್ತರ್ ಟಾರ್ಚ ಹಿಡದಿದ್ರು, ಅನಸಾಕ ಪುರಸೊತ್ತ ಸಿಗಲಿಲ್ಲ ನೋಡವಾ.”

ಅವಳು ನಕ್ಕು ಕೆಲಸಕ್ಕೆ ಹೋದಳು.

ಕೊನೆಯ ದಿನ ಬಂತು. ಶಾಲು, ಹಣ್ಣು, ಭಾಷಣ ಎಲ್ಲ ಮಧ್ಯಾಹ್ನಕ್ಕೆ ಇತ್ತು. ಈ ಸಲದ ಶಾಲಿಗೆ ಕಾಯಿಲೆಯ ಹಂಗಿಲ್ಲ, ಬೇಕಾದಷ್ಟು ನಿದ್ದೆ ಮಾಡಿ ಬಂದಿದ್ದೆ. ಬೆಳಿಗ್ಗೆ ಎಂದಿನಂತೆ ಗುಳಿಗೆಯ ಸಾಲು ನಿಂತಿತು. ಎಲ್ಲರಿಗೂ ಕೊಟ್ಟು ಸಾಲಿನ ಕೊನೆಗೆ ಹೋದೆ. ಟಾರ್ಚು ಆ ವಾರ ದಾಖಲಾಗಿದ್ದ ಕಾಲೇಜು ಮೇಡಂ ಒಬ್ಬರ ಕೈಯಲ್ಲಿತ್ತು. “ನಾಲಗಿ ಎತ್ತರಿ, ಸಿಸ್ಟರ್” ಎಂದರು, ಎತ್ತಿದೆ. ಇನ್ನು ಈ ಮಾತು ಕೇಳುವುದಿಲ್ಲವಲ್ಲ ಎಂದು ಕಣ್ಣು ತುಂಬಿತು. ಪಕ್ಕಕ್ಕೆ ಸರಿದು ಲೋಟ ಆಯಾಳ ಕೈಗೆ ಕೊಡಲು ಹೋದರೆ, ಅವಳು ತಗೊಳ್ಳಲಿಲ್ಲ. ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು.

ಹಿಂದೆ ಶಾಹಿನ್ ನಿಂತಿದ್ದಳು. ಸಮವಸ್ತ್ರದಲ್ಲಿ, ಕೈಯಲ್ಲಿ ಗುಳಿಗೆ ಹಿಡಿದು. 

“ಅಕ್ಕಾರ, ನಂದೂ ಒಂದ ಐತ್ರಿ” ಎಂದಳು.

ಪಡಸಾಲೆ ಸುಮ್ಮನಾಯಿತು. ಅದೇ ಹಳೆಯ ಮೌನ, ನನಗೆ ಅದರ ಗುರುತಿತ್ತು. ನೀರು ತುಂಬಿಸಿ ಲೋಟ ಅವಳಿಗೆ ಕೊಟ್ಟೆ. ನುಂಗಿದಳು. ಕಾಲೇಜು ಮೇಡಂ ಟಾರ್ಚನ್ನು ನನ್ನ ಕಡೆ ಚಾಚಿ, “ಇದನ್ನ ನೀವ ನೋಡ್ರಿ” ಎಂದರು.

“ಬಾಯಿ ತಗೀವಾ, ತಂಗಿ. ನಾಲಗಿ ಎತ್ತು.”

ಬಗ್ಗಿ ನೋಡಿದೆ. ಕಣ್ಣು ಮಂಜಾಗಿ ನನಗೇನೂ ಕಾಣಲಿಲ್ಲ. ಆದರೂ ಮಾಸ್ತರರ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ.

“ಪಾಸಾಗ್ಯಾಳ.”

ವಾರ್ಡು ಚಪ್ಪಾಳೆ ತಟ್ಟಿತು. ನನ್ನ ಜೀವನದಲ್ಲಿ ಬಿದ್ದ ಚಪ್ಪಾಳೆಗಳಲ್ಲಿ ನಾನು ಪೂರ್ತಿ ನಂಬುವುದು ಅದೊಂದನ್ನೇ. ಶಾಹಿನ್ ಇವತ್ತಿಗೂ ಅದೇ ವಾರ್ಡಿನಲ್ಲಿದ್ದಾಳೆ, ಇದನ್ನು ಬರೆಯಿರಿ ಅಕ್ಕಾರ ಎಂದವಳೂ ಅವಳೇ. ಸಾಲಿನ ಕೊನೆಯಲ್ಲಿ ಈಗ ಅವಳು ನಿಲ್ಲುತ್ತಾಳೆ. ಅವತ್ತು ಮನೆಗೆ ಹೊರಡುವ ಮುಂಚೆ ಟಾರ್ಚಿಗೆ ಹೊಸ ಸೆಲ್ಲು ಹಾಕಿ ಬಂದೆ.